ಹಿಮ ಬಿದ್ದ ದಿನ ಮಕ್ಕಳನ್ನು ಬಿಟ್ಟುಬಿಡಿ

ನನ್ನ ಮಗಳು ಇವತ್ತು ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರರವರೆಗೆ ಊಟದ ಮೇಜಿನ ಮುಂದೆ ಹಿಮದ ಪ್ಯಾಂಟು ಹಾಕಿಕೊಂಡೇ ಕುಳಿತಿದ್ದಳು. ಮೇಲೆ ಶಾಲೆಯ ಸ್ವೆಟರ್, ಕೆಳಗೆ ಆ ದಪ್ಪನೆಯ ನೀಲಿ ಪ್ಯಾಂಟು. ಕಾಲು ಅಲ್ಲಾಡಿಸಿದಾಗಲೆಲ್ಲ ಸರಸರ ಎನ್ನುತ್ತಿತ್ತು. ಎರಡನೇ ತರಗತಿಯ ಮಗು. ಕಿಟಕಿಯಾಚೆ 11 ಅಂಗುಲ ಹಿಮ. ಆ ಸರಸರ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ರಾತ್ರಿ ಪಾಳಿ ಮುಗಿಸಿ ಬಂದವಳು ಮಲಗುವ ಬದಲು ಇದನ್ನು ಬರೆಯುತ್ತಿರುವುದು ಅದಕ್ಕೇ.

ನಿನ್ನೆ ರಾತ್ರಿ ಅವಳು ದಿಂಬಿನ ಕೆಳಗೆ ಚಮಚ ಇಟ್ಟುಕೊಂಡು, ಪೈಜಾಮವನ್ನು ಒಳಹೊರಗು ಮಾಡಿ ಹಾಕಿಕೊಂಡು ಮಲಗಿದ್ದಳಂತೆ. ಹಾಗೆ ಮಾಡಿದರೆ ಶಾಲೆ ಮುಚ್ಚುವಷ್ಟು ಹಿಮ ಬೀಳುತ್ತದೆ ಎಂಬುದು ಇಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮಕ್ಕಳ ನಂಬಿಕೆ. ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡಿನಿಂದ ಬಂದ ನನಗೆ ಇದು ತೀರಾ ನಮ್ಮದೇ ಅನ್ನಿಸುತ್ತದೆ. ಹಿಮವೂ ಬಿತ್ತು, ಶಾಲೆಯೂ ಮುಚ್ಚಿತು. ಆದರೆ ಬೆಳಗಿನ ಜಾವ ಐದು ಗಂಟೆಗೆ ಇಲ್ಲಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ ಬಂದ ಸಂದೇಶದಲ್ಲಿ ರಜೆ ಎಂಬ ಮಾತೇ ಇರಲಿಲ್ಲ. ‘ಫ್ಲೆಕ್ಸಿಬಲ್ ಇನ್‌ಸ್ಟ್ರಕ್ಷನ್ ಡೇ’ ಎಂದಿತ್ತು. ಮನೆಯಿಂದಲೇ ಪಾಠ, ಹಾಜರಿ ಕಡ್ಡಾಯ.

ಪೆನ್ಸಿಲ್ವೇನಿಯಾದ ಹೊರಗಿರುವ ಗೆಳೆಯರಿಗಾಗಿ ಎರಡು ಮಾತು. ಕೊರೊನಾ ಬರುವ ಮೊದಲೇ, 2019ರಲ್ಲಿ, ಇಲ್ಲೊಂದು ಕಾನೂನು ಬಂತು. ಹವಾಮಾನದಂಥ ಕಾರಣಗಳಿಂದ ಶಾಲೆ ತೆರೆಯಲಾಗದಿದ್ದರೆ, ರಾಜ್ಯದ ಶಿಕ್ಷಣ ಇಲಾಖೆಯ ಒಪ್ಪಿಗೆ ಪಡೆದ ಡಿಸ್ಟ್ರಿಕ್ಟ್‌ಗಳು ವರ್ಷಕ್ಕೆ 5 ದಿನಗಳವರೆಗೆ ಮನೆಪಾಠ ನಡೆಸಿ, ಅದನ್ನು ಶಾಲಾ ವರ್ಷದ 180 ಪಾಠದ ದಿನಗಳ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಬಳಸಬಹುದು ಅಷ್ಟೇ, ಬಳಸಲೇಬೇಕೆಂದಿಲ್ಲ. ಡೆಲವೇರ್ ನದಿ ದಾಟಿದರೆ ನ್ಯೂಜೆರ್ಸಿ. ಅಲ್ಲಿ ಮಾಮೂಲಿ ಹಿಮಪಾತದ ದಿನ ಮಾಡಿದ ಆನ್‌ಲೈನ್ ಪಾಠವನ್ನು 180ಕ್ಕೆ ಸೇರಿಸಿಕೊಳ್ಳುವಂತೆಯೇ ಇಲ್ಲ. ಹಾಗಾಗಿ ಒಂದೇ ಮೋಡದಿಂದ ಬಿದ್ದ ಹಿಮದಲ್ಲಿ ಆಚೆ ದಡದ ಮಕ್ಕಳು ಜಾರುಬಂಡಿ ಆಡುತ್ತಿದ್ದರು, ಈಚೆ ದಡದಲ್ಲಿ ನನ್ನ ಮಗಳು ಮೈಕ್ ಆನ್ ಮಾಡು, ಆಫ್ ಮಾಡು ಎಂದು ಹೇಳಿಸಿಕೊಳ್ಳುತ್ತಿದ್ದಳು.

ಪಾಠ ಎಂಥದ್ದು ಎಂದು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಮೊದಲ 40 ನಿಮಿಷ ಹಾಜರಿಯಲ್ಲೇ ಹೋಯಿತು. 22 ಮಕ್ಕಳಲ್ಲಿ 13 ಮಕ್ಕಳು ಪರದೆಯ ಮೇಲಿದ್ದರು. ಟೀಚರ್ ಮಡಿಲಲ್ಲಿ ಅವರದೇ ಪುಟ್ಟ ಮಗು. ಅದು ಅತ್ತಾಗಲೆಲ್ಲ ಅವರು ಮೈಕ್ ಆಫ್ ಮಾಡಿ, ಸಮಾಧಾನ ಮಾಡಿ, ಮತ್ತೆ ನಗುಮುಖದಿಂದ ಪರದೆಗೆ ಬರುತ್ತಿದ್ದರು. ಆ ಹೆಣ್ಣುಮಗಳ ಬಗ್ಗೆ ನನಗೆ ಒಂದಿಷ್ಟೂ ದೂರಿಲ್ಲ. ಅವರಿಗೂ ಇವತ್ತು ರಜೆ ಸಿಗಬೇಕಿತ್ತು. ಒಬ್ಬ ಹುಡುಗ ಕಿಟಕಿಯ ಕಡೆಗೆ ಕ್ಯಾಮೆರಾ ತಿರುಗಿಸಿ ‘ನೋಡಿ, ನೋಡಿ’ ಎಂದು ಕೂಗಿದ. ಇಡೀ ತರಗತಿ ಒಟ್ಟಿಗೆ ಗಮನ ಕೊಟ್ಟದ್ದು ಆ ಒಂದು ನಿಮಿಷ ಮಾತ್ರ. ಆಮೇಲೆ ಎರಡಂಕಿಯ ಕಳೆಯುವ ಲೆಕ್ಕದ ಹಾಳೆ, ಓದಿ ಧ್ವನಿಮುದ್ರಿಸಿ ಕಳಿಸಬೇಕಾದ ಒಂದು ಪುಟ, ಕೊನೆಗೆ ದೈಹಿಕ ಶಿಕ್ಷಣದ ಹೆಸರಿನಲ್ಲಿ ಒಂದು ವಿಡಿಯೋ. ಇಷ್ಟೊಂದು ಹಿಮ ಹೊರಗೆ ಬಿದ್ದಿರುವಾಗ ಮಗು ಒಳಗೆ ಪರದೆಯ ಮುಂದೆ ನಿಂತಲ್ಲೇ ಕುಣಿಯಬೇಕು! ಇದು ಕಲಿಕೆಯಲ್ಲ, ದಿನ ಎಣಿಸುವ ಕೆಲಸ. 180ರಲ್ಲಿ ಒಂದು ಕಳೆಯಿತು ಎಂದು ಕಚೇರಿಯ ಪುಸ್ತಕದಲ್ಲಿ ಗೀಟು ಹಾಕುವುದಕ್ಕಾಗಿ ಏಳು ವರ್ಷದ ಮಗುವಿನ ಒಂದು ದಿನವನ್ನು ಕಿತ್ತುಕೊಳ್ಳುವ ಕೆಲಸ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಅವಳು ಕುರ್ಚಿಯಿಂದ ಮೆಲ್ಲಗೆ ಜಾರಿ ಕಿಟಕಿಯ ಬಳಿ ಹೋಗಿ ನಿಂತಿದ್ದಳು. ಗಂಡ ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದರು. ನಾನು ಹದಿನೆಂಟು ಗಂಟೆಯಿಂದ ಕಣ್ಣು ಮುಚ್ಚಿರಲಿಲ್ಲ. ಕಿರುಚಿಬಿಟ್ಟೆ. ‘ಬಂದು ಕೂತುಕೋ’ ಎಂದು ನಾನು ಹಾಕಿದ ಕೂಗಿಗೆ ಅವಳು ಬೆಚ್ಚಿ ಬಂದು ಕುಳಿತಳು. ಕ್ಯಾಮೆರಾ ಆನ್ ಆಗಿಯೇ ಇತ್ತು. ತರಗತಿಯ ಎದುರೇ ಕಣ್ಣೀರು ಒರೆಸಿಕೊಂಡಳು. ಮಗು ಮಾಡಿದ ತಪ್ಪಾದರೂ ಏನು? ಹಿಮ ನೋಡಲು ಹೋದದ್ದು. ನನಗೆ ನನ್ನ ಮೇಲೆ ಬಂದಷ್ಟೇ ಸಿಟ್ಟು, ನನ್ನನ್ನು ಆ ಜಾಗದಲ್ಲಿ ಕೂರಿಸಿದ ನಿರ್ಧಾರದ ಮೇಲೂ ಬಂದಿದೆ.

ಮೂರು ಗಂಟೆಗೆ ಬಿಡುಗಡೆಯಾಯಿತು. ಅಷ್ಟರಲ್ಲಿ ಹಿಮ ನಿಂತು ಜಿಟಿಜಿಟಿ ಮಳೆ ಶುರುವಾಗಿತ್ತು. ಬೆಳಿಗ್ಗೆ ಉಂಡೆ ಕಟ್ಟಿದರೆ ಕೈಗೆ ಹಿಟ್ಟಿನಂತೆ ಕೂರುತ್ತಿದ್ದ ಹಿಮದ ಮೇಲೆ ಗಾಜಿನಂಥ ಪದರ ಕಟ್ಟಿತ್ತು, ಅಡಿಯಲ್ಲಿ ಕೆಸರು. ಅವಳು ಬೂಟುಗಾಲಿನಿಂದ ಆ ಪದರವನ್ನು ಎರಡು ಸಲ ಒಡೆದು ನೋಡಿ ಒಳಗೆ ಬಂದಳು. ಐದಕ್ಕೆಲ್ಲ ಕತ್ತಲು.

ಡಿಸ್ಟ್ರಿಕ್ಟ್‌ನವರ ಪರವಾಗಿ ನಮ್ಮ ಕನ್ನಡ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ವಾದ ನಡೆದಿದೆ. ಇವತ್ತು ರಜೆ ಕೊಟ್ಟರೆ ಜೂನ್‌ನಲ್ಲಿ ಒಂದು ದಿನ ಹೆಚ್ಚು ಶಾಲೆ ನಡೆಸುತ್ತಾರೆ, ನಾವೆಲ್ಲ ಬೆಂಗಳೂರಿಗೆ ಟಿಕೆಟ್ ತೆಗೆದಾಗಿದೆ, ಏನು ಮಾಡುವುದು ಎಂದು. ನಿಜ, ನಾನೂ ತೆಗೆದಿದ್ದೇನೆ. ಶಾಲೆ ಮುಗಿದ ಮರುದಿನದ್ದೇ. ಆದರೆ ಹಿಮ ಬೀಳುವ ಊರಿನಲ್ಲಿ ಹಿಮಕ್ಕೆಂದು ನಾಲ್ಕು ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ತೆಗೆದಿಟ್ಟರೆ ಈ ಮಾತೇ ಹುಟ್ಟುವುದಿಲ್ಲವಲ್ಲ? ಎಷ್ಟೋ ಕಡೆ ಹಾಗೆಯೇ ಮಾಡುತ್ತಾರೆ. ಅದೂ ಸಾಲದೆ ಜೂನ್‌ನಲ್ಲಿ ಒಂದು ದಿನ ಬೆಳೆದರೆ ಬೆಳೆಯಲಿ. ಆ ದಿನ ಕನಿಷ್ಠ ಮಕ್ಕಳು ತಮ್ಮ ತರಗತಿಯಲ್ಲಿ, ತಮ್ಮ ಟೀಚರ್ ಎದುರು ಇರುತ್ತಾರೆ.

ಇನ್ನೊಬ್ಬರು, ರಜೆ ಕೊಟ್ಟರೆ ಬಡ ಮಕ್ಕಳಿಗೆ ನಷ್ಟ ಎಂದರು. ಆ ಮಾತನ್ನು ನಾನು ಒಪ್ಪುವುದೇ ಇಲ್ಲ. ಶಾಲೆಯ ತಿಂಡಿ, ಊಟವನ್ನು ನಂಬಿದ ಮಗುವಿಗೆ ಪರದೆಯಿಂದ ಊಟ ಬರುತ್ತದೆಯೇ? ಮಾತು ಕಲಿಸುವ ತಜ್ಞರ ಹತ್ತಿರ ಕುಳಿತು ಅಭ್ಯಾಸ ಮಾಡಬೇಕಾದ ಮಗುವಿಗೆ ಪರದೆಯಲ್ಲಿ ಏನು ಸಿಗುತ್ತದೆ? ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋದ ಮನೆಯಲ್ಲಿ ಲಾಗಿನ್ ಮಾಡಿಕೊಡುವವರು ಯಾರು? ಇವತ್ತು ಕಾಣದೇ ಹೋದ 9 ಮಕ್ಕಳು ಎಲ್ಲಿದ್ದರು? ಮಾಮೂಲಿ ರಜೆಯಾಗಿದ್ದರೆ ಅವರೂ ಉಳಿದವರಂತೆ ರಜೆಯಲ್ಲಿರುತ್ತಿದ್ದರು. ಈಗ ಅವರ ಹೆಸರಿನ ಮುಂದೆ ಗೈರುಹಾಜರಿ ಬಿದ್ದಿರುತ್ತದೆ.

ದೊಡ್ಡ ಊರುಗಳಲ್ಲಾದರೂ ಇದು ಸಾಂಗವಾಗಿ ನಡೆಯುತ್ತದೆಯೇ ಎಂದರೆ ಅದೂ ಇಲ್ಲ. 2024ರ ಫೆಬ್ರವರಿ 13ರಂದು ನ್ಯೂಯಾರ್ಕ್ ನಗರ ಹೀಗೇ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಎಂದಿತು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒಳಗೆ ಬರಲು ನೋಡಿದಾಗ ಲಾಗಿನ್ ವ್ಯವಸ್ಥೆಯೇ ಕೈಕೊಟ್ಟಿತು. ಅಮೆರಿಕದ ಅತಿ ದೊಡ್ಡ ಶಾಲಾ ವ್ಯವಸ್ಥೆ ಅದು. ಅಂದು ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದ ಹಿಮ ಬರೀ 3.2 ಅಂಗುಲ.

ಇದಕ್ಕೆ ಎದುರಾಗಿ ನಡೆದವರೂ ಇದ್ದಾರೆ. 2020ರ ಡಿಸೆಂಬರ್, ಕೊರೊನಾದ ನಡುಮಧ್ಯೆ, ಎಲ್ಲವೂ ಪರದೆಯ ಮೇಲೇ ನಡೆಯುತ್ತಿದ್ದ ಕಾಲ. ಆಗ ವೆಸ್ಟ್ ವರ್ಜೀನಿಯಾದ ಜೆಫರ್ಸನ್ ಕೌಂಟಿಯ ಶಾಲಾ ಮುಖ್ಯಸ್ಥೆ ಹಿಮ ಬೀಳುವ ಹಿಂದಿನ ದಿನ ಪೋಷಕರಿಗೆ ಪತ್ರ ಬರೆದು, ನಾಳೆ ಆನ್‌ಲೈನ್ ಪಾಠವೂ ಇಲ್ಲ, ಮಕ್ಕಳು ಹಿಮದಲ್ಲಿ ಆಡಲಿ ಎಂದರು. ನ್ಯೂಜೆರ್ಸಿಯ ಮಾವಾ ಎಂಬ ಊರಿನ ಶಾಲೆಗಳೂ ಅದೇ ವರ್ಷ ಹಿಮದ ದಿನ ಎಂದರೆ ರಜೆಯೇ ಎಂದು ಮೊದಲೇ ಘೋಷಿಸಿದ್ದವು. ಅಂಥ ವರ್ಷದಲ್ಲೇ ಆಗಿದ್ದು ಈಗ ಯಾಕೆ ಆಗುವುದಿಲ್ಲ?

ನಾನು ಮಲೆನಾಡಿನ ಹೊಸನಗರದ ಕಡೆಯವಳು, ನಿಮಗೆ ಗೊತ್ತಿದೆ. ನಾನು ಚಿಕ್ಕವಳಿದ್ದಾಗ ಹಳ್ಳ ಉಕ್ಕಿ, ಅದನ್ನು ದಾಟುವ ಕಾಲುಸಂಕ ಮುಳುಗಿದರೆ ಶಾಲೆಯಿಲ್ಲ. ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್ಆ್ಯಪ್‌ನಲ್ಲಿ ಬರುವ ಕಾಲ ಅದಲ್ಲ. ಸಂಕ ಕಂಡರೆ ಹೋಗು, ಕಾಣದಿದ್ದರೆ ವಾಪಸು ಬಾ, ಅಷ್ಟೇ ಆದೇಶ. ಅಪ್ಪ ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದರು. ದಿನಾ ಬೆಳಿಗ್ಗೆ ನೀರನ್ನು ಅಳೆದು ಡೈರಿಯಲ್ಲಿ ಬರೆಯುವುದು ಅವರ ಕ್ರಮ. ಮಳೆ ರಜೆಯ ದಿನ ಮಾತ್ರ ಆ ಕೆಲಸ ನನ್ನದು. ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ, ಅಳತೆಯ ಕೊಳವೆಯನ್ನು ಕಣ್ಣಿನ ನೇರಕ್ಕೆ ಹಿಡಿದು, ಗೀಟು ಎಣಿಸಿ, ಅಪ್ಪನಿಗೆ ಕೂಗಿ ಹೇಳಬೇಕು. ದಶಮಾಂಶ ಎಂದರೆ ಏನು ಎಂದು ನನಗೆ ತಿಳಿದದ್ದು ಅಲ್ಲಿ. ಇವತ್ತು ಪ್ರಯೋಗಾಲಯದಲ್ಲಿ ದ್ರವವನ್ನು ಅಳೆಯುವಾಗ ಕಣ್ಣನ್ನು ಕೊಳವೆಯ ಮಟ್ಟಕ್ಕೆ ತರುವುದು ಯಾರೂ ಹೇಳಿಕೊಟ್ಟು ಬಂದದ್ದಲ್ಲ. ನನ್ನ ಮಗಳಿಗೂ ಒಂದು ಸ್ಕೇಲ್ ಕೊಟ್ಟು ಹಿಮವನ್ನು ಅಳೆದು ಬಾ ಎನ್ನಬಹುದಿತ್ತು. ಸಮಯವೇ ಇರಲಿಲ್ಲ, ಲೆಕ್ಕದ ಹಾಳೆ ಕಳಿಸಬೇಕಿತ್ತು.

‘ಕೊರೊನಾ ಕಾಲದಲ್ಲಿ ನಮ್ಮೂರ ಕಡೆ ಮಕ್ಕಳು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದರು, ಇಲ್ಲಿ ಬೆಚ್ಚಗೆ ಕೂತು ಓದುವುದಕ್ಕೆ ಏನು ಕಷ್ಟ’ ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು. 2021ರ ಜೂನ್‌ನಲ್ಲಿ ಸುಳ್ಯದ ಕಡೆಯ ಒಂದು ಚಿತ್ರ ಎಲ್ಲೆಡೆ ಹರಿದಾಡಿತ್ತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುವ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಅದನ್ನು ನೋಡಿ ನಾನೂ ಅತ್ತಿದ್ದೇನೆ. ಆದರೆ ಆಗ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು, ಬೇರೆ ದಾರಿಯೇ ಇರಲಿಲ್ಲ. ನಾಳೆ ಬೆಳಿಗ್ಗೆ ಎರಡು ಗಂಟೆ ತಡವಾಗಿ ಶಾಲೆ ತೆರೆಯುತ್ತದೆ ಎಂದು ಈಗಷ್ಟೇ ಸಂದೇಶ ಬಂದಿದೆ. ಒಂದೇ ಒಂದು ದಿನಕ್ಕಾಗಿ ಇಷ್ಟೆಲ್ಲ. ಆ ಹುಡುಗಿಯ ಕಷ್ಟವನ್ನು ನಮ್ಮ ಡಿಸ್ಟ್ರಿಕ್ಟ್‌ನ ದಿನಗಣನೆಗೆ ಸಮರ್ಥನೆಯಾಗಿ ತರಬೇಡಿ.

ನಾನು ಕೇಳುವುದು ಇಷ್ಟೇ: ಐದನೇ ತರಗತಿಯವರೆಗಿನ ಮಕ್ಕಳಿಗಾದರೂ ಹಿಮದ ದಿನ ಪೂರ್ತಿ ರಜೆ ಕೊಡಿ. ಆ 5 ದಿನಗಳ ಅವಕಾಶವನ್ನು ವಾರಗಟ್ಟಲೆ ಶಾಲೆ ತೆರೆಯಲಾಗದ ಸಂದರ್ಭಕ್ಕೆ ಇಟ್ಟುಕೊಳ್ಳಿ. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಅಂತಿಮವಾಗಿಲ್ಲ. ಮುಂದಿನ ಶಾಲಾ ಮಂಡಳಿ ಸಭೆಯಲ್ಲಿ ಸಾರ್ವಜನಿಕರಿಗೆ ಕೊಡುವ ಮೂರು ನಿಮಿಷಕ್ಕೆ ನನ್ನ ಹೆಸರು ಬರೆಸಿದ್ದೇನೆ. ಅವತ್ತು ರಾತ್ರಿ ಪಾಳಿಯನ್ನು ಬದಲಿಸಿಕೊಂಡೂ ಆಯಿತು. ನಮ್ಮ ಡಿಸ್ಟ್ರಿಕ್ಟ್‌ನಲ್ಲೇ ಇರುವವರು ಯಾರಾದರೂ ಜೊತೆಗೆ ಬರುವುದಾದರೆ ತಿಳಿಸಿ, ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗವಿದೆ.