ಅಕ್ಷರಮಾಲೆಯ ಮುಂದೆ ಎಲ್ಲರೂ ಸಮಾನರು

ಕಂಪ್ಯೂಟರಿಗೆ ತಂತ್ರಾಂಶ ತುಂಬುವ, ಬೇಡವಾದದ್ದನ್ನು ತೆಗೆಯುವ, ಹೊಸ ಆವೃತ್ತಿ ಬಂದಾಗ ಹಳೆಯದನ್ನು ಬದಲಿಸುವ ಕಾರಭಾರಿಗೆ ಪ್ಯಾಕೇಜ್ ಮ್ಯಾನೇಜರ್ ಎಂದು ಹೆಸರು. ಈ ಕಾರಭಾರಿಗೆ ಅಪ್ಪಣೆ ಕೊಡುವಾಗ ಒಂದೋ ಎರಡೋ ಅಡ್ಡಗೆರೆ ಎಳೆದು ಅಕ್ಷರವನ್ನೋ ಪದವನ್ನೋ ಸೇರಿಸಿದರೆ ಅದು ಆಯ್ಕೆ. ಯಾವ ಆಯ್ಕೆ ಏನು ಮಾಡುತ್ತದೆಂದು ತಿಳಿಸಲು ಕೈಪಿಡಿ ಇದೆ. ಆ ಕೈಪಿಡಿ ಬರೆಯುವವರಷ್ಟು ನಿಷ್ಪಕ್ಷಪಾತಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನಾ ಬೇಕಾಗುವ ಆಯ್ಕೆ, ಜನ್ಮದಲ್ಲಿ ಒಮ್ಮೆ ಯಾರಿಗೋ ಬೇಕಾಗುವ ಆಯ್ಕೆ, ಕೈತಪ್ಪಿ ಒತ್ತಿದರೆ ಇಡೀ ಯಂತ್ರವನ್ನೇ ಮಲಗಿಸುವ ಆಯ್ಕೆ, ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಧಾಟಿಯಲ್ಲಿ ಬರೆದಿರುತ್ತಾರೆ. ಸಂವಿಧಾನ ಹೇಳುವ ಸಮಾನತೆ ಎಲ್ಲಿಯಾದರೂ ನೂರಕ್ಕೆ ನೂರು ಜಾರಿಗೆ ಬಂದಿದ್ದರೆ ಅದು ಈ ಪುಟಗಳಲ್ಲಿ.

ಇದು ಬೆಂಗಳೂರಿನ ಟೆಕ್ಕಿಗಳ ತಲೆನೋವು, ಅಡಿಕೆ ತೋಟದ ನಡುವೆ ಕುಳಿತ ಕಾಸರಗೋಡಿನವರಿಗೇಕೆ ಎನ್ನಬೇಡಿ. ಕೇರಳ ಸರಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು. 2017ರಲ್ಲಿ ಅದೇ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ಉಬುಂಟು ಆಧರಿಸಿದ ಲಿನಕ್ಸ್, ಅಂದರೆ ವಿಂಡೋಸಿನ ಜಾಗದಲ್ಲಿ ಕುಳಿತು ಕಂಪ್ಯೂಟರ್ ನಡೆಸುವ ವ್ಯವಸ್ಥೆ. ಹೀಗಾಗಿ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೂ ಸ್ವತಂತ್ರ ತಂತ್ರಾಂಶದ ಭಾಗ್ಯ ಒದಗಿದೆ. ತಲಪಾಡಿ ದಾಟಿ ರಜೆಗೆ ಬರುವ ನೆಂಟರ ಮಕ್ಕಳು ವಿಂಡೋಸ್ ಬಿಟ್ಟು ಬೇರೆ ಕಂಡಿರುವುದಿಲ್ಲ. ನಮ್ಮವರು ಅವರ ಮುಂದೆ ಕಪ್ಪು ಪರದೆ ತೆರೆದು ನಾಲ್ಕು ಅಕ್ಷರ ಕುಟ್ಟಿ ಮೆರೆಯುತ್ತಾರೆ. ಮೆರೆಯುವುದಕ್ಕೆ ನಾಲ್ಕು ಅಕ್ಷರ ಸಾಕು. ಐದನೆಯ ಅಕ್ಷರ ಬೇಕಾದಾಗ ಕೈಪಿಡಿ ತೆರೆಯಬೇಕಾಗುತ್ತದೆ.

ಉಬುಂಟು ಹುಟ್ಟಿದ್ದು ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನ ಮನೆತನದಲ್ಲಿ. ಆ ಮನೆತನದ ಕಾರಭಾರಿ ಆಪ್ಟ್-ಗೆಟ್. ಅದರ ಕೈಪಿಡಿಯಲ್ಲಿ ಬಹಳ ಸಭ್ಯವಾದ ಒಂದು ಆಯ್ಕೆ ಇದೆ: ಏನನ್ನೂ ಮಾಡಬೇಡ, ಮಾಡಿದ್ದರೆ ಏನಾಗುತ್ತಿತ್ತು ಎಂದಷ್ಟೇ ಹೇಳು. ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಇದನ್ನೇ. ಇದರ ಹೆಸರು -ಎಸ್. ಅದು ಸಾಲದೆಂದು --ಸಿಮ್ಯುಲೇಟ್. ಅದೂ ಸಾಲದೆಂದು --ಜಸ್ಟ್-ಪ್ರಿಂಟ್, --ಡ್ರೈ-ರನ್, --ರಿಕಾನ್, --ನೋ-ಆಕ್ಟ್. ಏನೂ ಮಾಡದಿರುವ ಕೆಲಸಕ್ಕೆ ಆರು ಹೆಸರು! ನಮ್ಮ ನದಿಗೆ ಗಡಿಯಾಚೆ ಪಯಸ್ವಿನಿ, ಈಚೆ ಚಂದ್ರಗಿರಿ ಎಂದು ಎರಡೇ ಹೆಸರಿರುವುದು. ಆ ನದಿಯ ಬಡಗು ದಡದ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿ ಇಂದಿಗೂ ಕಪಾಟಿನಿಂದ ಕೆಳಗಿಳಿದಿಲ್ಲ. ಆರು ಹೆಸರಿದ್ದರೆ ಆಯೋಗಗಳೆಷ್ಟು, ಕಪಾಟುಗಳೆಷ್ಟು ಬೇಕಾಗುತ್ತಿದ್ದವೋ.

ಇನ್ನು ಕ್ರಮ. ಮೊದಲು ಎರಡು ಉದ್ದನೆಯ ಆಯ್ಕೆಗಳು ಅಗ್ರಾಸನದಲ್ಲಿ ಕುಳಿತಿವೆ, ಯಾವ ಅರ್ಹತೆಯಿಂದ ಎಂದು ಯಾರೂ ಹೇಳುವುದಿಲ್ಲ. ಆಮೇಲೆ -ಡಿ, -ಎಫ್, -ಎಂ, -ಕ್ಯೂ, -ಎಸ್, -ವೈ ಎಂದು ಸಣ್ಣ ಅಕ್ಷರಗಳು ಇಂಗ್ಲಿಷ್ ಅಕ್ಷರಮಾಲೆಯ ಕೈಹಿಡಿದು ವಿನಯದಿಂದ ನಡೆಯುತ್ತವೆ. ಅಬ್ಬಾ, ಒಂದು ಶಿಸ್ತು ಇದೆಯಲ್ಲ ಎಂದು ನೀವು ಉಸಿರು ಬಿಡುವಷ್ಟರಲ್ಲಿ ದೊಡ್ಡ ವಿ, ಸಣ್ಣ ಎ, ದೊಡ್ಡ ಪಿ, ಸಣ್ಣ ಬಿ. ಬರೆದವರಿಗೆ ಬೇಸರ ಬಂತೋ, ಊಟದ ಹೊತ್ತಾಯಿತೋ. ಅಲ್ಲಿಂದ ಮುಂದೆ ಯಾರು ಯಾವಾಗ ಬಂದರೋ ಅವರು ಅಲ್ಲಲ್ಲೇ ಕುಳಿತಿದ್ದಾರೆ. ಯಂತ್ರ ನಡೆಯಲು ಅತ್ಯಗತ್ಯವಾದ ಪ್ಯಾಕೇಜುಗಳನ್ನೂ ಕಿತ್ತುಹಾಕಲು ಅನುಮತಿ ಕೊಡುವ ಆಯ್ಕೆ, ಕಡತಗಳ ವಿಳಾಸವನ್ನು ಮುದ್ರಿಸಿ ಸುಮ್ಮನಾಗುವ ಸಾಧು ಆಯ್ಕೆ, ಇಬ್ಬರೂ ಒಂದೇ ನೆರೆಕರೆಯವರು.

ನನ್ನ ಮೆಚ್ಚಿನದು -ಕ್ಯೂ. ಹೆಚ್ಚು ಮಾತಾಡಬೇಡ ಎಂದು ಕಾರಭಾರಿಗೆ ಹೇಳುವ ಆಯ್ಕೆ ಅದು. ಒಮ್ಮೆ ಹೇಳಿದರೆ ಮಾತು ಕಡಿಮೆ ಮಾಡುತ್ತದೆ. ಎರಡು ಸಲ ಹೇಳಿದರೆ ಪೂರ್ತಿ ಮೌನ, ಜೊತೆಗೆ ಕೇಳಬೇಕಾದ ಎಲ್ಲ ಪ್ರಶ್ನೆಗಳಿಗೂ ನೀವು ಹೌದು ಎಂದಿದ್ದೀರೆಂದು ತಾನೇ ತೀರ್ಮಾನಿಸಿಬಿಡುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಡೆಬಿಯನ್‌ನವರಿಗೆ ಹೇಗೆ ಗೊತ್ತಾಯಿತೋ. ಹೀಗೆ ಮಾಡಿದರೆ ನೀವು ಎಣಿಸದ ಕೆಲಸವನ್ನೂ ಅದು ಮಾಡೀತು, ಎಚ್ಚರ, ಎಂದು ಕೈಪಿಡಿ ಹೇಳುತ್ತದೆ ನಿಜ. ಎಲ್ಲಿ? ಅದೇ ಕಂಡಿಕೆಯ ಒಳಗೆ, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕಡತ ಚೊಕ್ಕವಾಗಿ ಬರುತ್ತದೆ ಎಂಬ ಸಮಾಧಾನದ ಮಾತು ಮುಗಿದ ಮೇಲೆ.

ಎಚ್ಚರಿಕೆ ಓದದವರ ತಪ್ಪು ಎನ್ನುವವರಿದ್ದಾರೆ. 2021ರಲ್ಲಿ ಲೋಕಪ್ರಸಿದ್ಧ ಯೂಟ್ಯೂಬರ್ ಒಬ್ಬರು ಕ್ಯಾಮರಾದ ಮುಂದೆಯೇ ಆಟದ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೊರಟರು. ಅತ್ಯಗತ್ಯ ಪ್ಯಾಕೇಜುಗಳು ಹೋಗುತ್ತವೆ, ಆದರೂ ಸರಿಯಾದರೆ 'ಹೌದು, ನಾನು ಹೇಳಿದಂತೆ ಮಾಡು!' ಎಂದು ಉದ್ಗಾರ ಚಿಹ್ನೆ ಸಮೇತ ಟೈಪ್ ಮಾಡಿ ಎಂದಿತು ಅದೇ ಮನೆತನದ ಕಾರಭಾರಿ ಆಪ್ಟ್. ಅವರು ಮಾಡಿದರು. ಡೆಸ್ಕ್‌ಟಾಪ್ ಪರಿಸರವೇ ಮಾಯವಾಯಿತು. ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಅನಾಹುತ ಮಾಡುವ ಶಿಷ್ಟಾಚಾರ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. ಅದೇ ವರ್ಷ ಆಪ್ಟ್‌ನವರು ಅತ್ಯಗತ್ಯ ಪ್ಯಾಕೇಜುಗಳನ್ನು ತಾನಾಗಿ ತೆಗೆಯಲು ಹೊರಡದಂತೆ ಕಾರಭಾರಿಗೆ ಮೂಗುದಾರ ಹಾಕಿದರು. ಅದಕ್ಕೊಂದು ಕೋಟಿಗಟ್ಟಲೆ ಪ್ರೇಕ್ಷಕರ ಚಾನೆಲ್ ಬೇಕಾಯಿತು. ನೀರ್ಚಾಲಿನ ಶಾಲೆಯ ಲ್ಯಾಬಿನಲ್ಲಿ ಆಗಿದ್ದರೆ ಅದು ಟೀಚರ್‌ನ ಅಜಾಗರೂಕತೆ ಎಂದಾಗುತ್ತಿತ್ತು.

ಜನರಿಗೆ ಕಷ್ಟವಾಗುತ್ತದೆಂದು 2014ರಲ್ಲಿ ಆಪ್ಟ್ ಎಂಬ ಚಿಕ್ಕ ಹೆಸರಿನ, ಸುಲಭದ ಆದೇಶ ತಂದರು. ಅದರ ಕೈಪಿಡಿ ಪುಟ ಬಹಳ ಚಿಕ್ಕದು. ಆಯ್ಕೆಗಳ ರಾಶಿ ಸುರಿದು ಓದುಗರನ್ನು ಕಂಗೆಡಿಸಬಾರದೆಂಬ ಕಾಳಜಿಯಿಂದ ಹೆಚ್ಚು ಬಳಕೆಯವನ್ನಷ್ಟೇ ಹೇಳಿದ್ದೇವೆ ಎಂದು ಅದರಲ್ಲೇ ಇದೆ. ಉಳಿದದ್ದಕ್ಕೆ ಆಪ್ಟ್-ಗೆಟ್ ಪುಟ ನೋಡಿ, ಆಪ್ಟ್-ಕ್ಯಾಷ್ ಪುಟ ನೋಡಿ, ಸಂರಚನೆಗೆ ಇನ್ನೊಂದು ಪುಟ ನೋಡಿ. ಗ್ರಾಮ ಕಚೇರಿ, ತಾಲೂಕು ಕಚೇರಿ, ಜಿಲ್ಲಾ ಕಚೇರಿ ಎಂದು ಅಲೆದು ಚಪ್ಪಲಿ ಸವೆಸಿದವರಿಗೆ ಈ ಕಾಳಜಿಯ ಪರಿಚಯ ಚೆನ್ನಾಗಿಯೇ ಇದೆ. ಯಾರೂ ಇಲ್ಲ ಎನ್ನುವುದಿಲ್ಲ, ಇಲ್ಲಿ ಅಲ್ಲ ಎನ್ನುತ್ತಾರೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. 1971ರ ನವೆಂಬರಿನಲ್ಲಿ ಲಿನಕ್ಸ್ ಮನೆತನದ ಹಿರಿಯಜ್ಜ ಯುನಿಕ್ಸ್‌ನ ಮೊದಲ ಕೈಪಿಡಿ ಬಂದಾಗ ಆದೇಶಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದೊಂದು ಆದೇಶಕ್ಕೆ ಇದ್ದದ್ದು ಬೆರಳೆಣಿಕೆಯ ಆಯ್ಕೆಗಳು. ಬೇಕಾದದ್ದರ ಹೆಸರು ಗೊತ್ತಿದ್ದವನಿಗೆ ಅಕ್ಷರಾನುಕ್ರಮ ಸೊಗಸು. ಹೆಸರು ಗೊತ್ತಿದ್ದವನು ಕೈಪಿಡಿ ತೆರೆಯುವುದೇ ಅಪರೂಪ ಎಂಬುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ. ಈಗಲೂ ಹೊಳೆದಂತಿಲ್ಲ.

ಇಂತಿರುವಲ್ಲಿ ನಮ್ಮ ಊರಿನ ವಾಚನಾಲಯದಲ್ಲಿ, ಶಿಕ್ಷಕರ ಉಪಯೋಗಕ್ಕೆ ಈ ಆಯ್ಕೆಗಳ ಕನ್ನಡ ಕೈಪಿಡಿ ಮಾಡುವುದೆಂದು ಒಂದು ಸಭೆ ಸೇರಿತು. ಐಟಿ ನೋಡಿಕೊಳ್ಳುವ ಟೀಚರ್, ನಿವೃತ್ತ ಮಾಷ್ಟ್ರು, ಅಡಿಕೆ ವ್ಯಾಪಾರದ ಭಟ್ಟರು, ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ, ಮತ್ತು ಚಹಾ ಇರುತ್ತದೆಂದು ತಿಳಿದು ಹೋದ ನಾನು.

ಮಾಷ್ಟ್ರು ಮೊದಲೇ ತೀರ್ಪು ಕೊಟ್ಟರು. "ಕೈಪಿಡಿ ಕನ್ನಡದ್ದಾದರೆ ಕ್ರಮವೂ ಕನ್ನಡದ್ದೇ ಆಗಬೇಕು. ಅಕಾರಾದಿಯಾಗಿ ಜೋಡಿಸಿ."

ಟೀಚರ್ ಜೋಡಿಸಿದರು. ಎ, ಎಂ, ಎಕ್ಸ್, ಎಚ್, ಎನ್, ಎಫ್, ಎಲ್, ಎಸ್. ಇಂಗ್ಲಿಷಿನ 26 ಅಕ್ಷರಗಳಲ್ಲಿ 8 ಅಕ್ಷರಗಳು ಎಕಾರದ ಒಂದೇ ಮನೆಯಲ್ಲಿ ಬಂದು ಬಿದ್ದವು. ಕಕಾರಕ್ಕೆ ಗಿರಾಕಿ ಕಡಿಮೆ. ಗ, ತ, ನಗಳ ಪುಟಗಳು ಖಾಲಿ.

"ಎಚ್ ಎಂದು ಬರೆದದ್ದು ತಪ್ಪು, ಹೆಚ್ ಎಂದಿರಬೇಕು" ಎಂದು ಹುಡುಗ ಬಾಯಿ ಹಾಕಿದ. ಹಾಗಾದರೆ ಅದು ಹಕಾರಕ್ಕೆ, ಅಂದರೆ ಪುಸ್ತಕದ ಕೊನೆಗೆ ಹೋಗಬೇಕು. -ಎಚ್ ಎಂದರೆ ಸಹಾಯ ಕೇಳುವ ಆಯ್ಕೆ. ಎಚ್ ಪಕ್ಷ, ಹೆಚ್ ಪಕ್ಷ ಎಂದು ಅರ್ಧ ತಾಸು ವಾಗ್ವಾದವಾಯಿತು. ಕನ್ನಡಿಗರು ಒಂದು ಅಕ್ಷರಕ್ಕಾಗಿ ಇಷ್ಟು ಹೋರಾಡುವುದನ್ನು ನೋಡಿ ನನಗೆ ಹೆಮ್ಮೆಯಾಯಿತು.

ಭಟ್ಟರಿಗೆ ಕಂಪ್ಯೂಟರಿನ ಗಂಧ ಇಲ್ಲ. ಅವರು ಚಹಾ ಮುಗಿಸಿ ಕೇಳಿದರು. "ಟೀಚರೇ, ನಮ್ಮ ಅಂಗಡಿಗೆ ಬರುವ ಅಡಿಕೆಯನ್ನು ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ರಾಶಿ ಮಾಡುತ್ತೇವೆ. ಯಾವುದು ಯಾವ ಉಪಯೋಗಕ್ಕೆ, ಯಾವ ಧಾರಣೆಗೆ ಎಂದು ನೋಡಿ ಮಾಡುವುದು. ಉಳ್ಳಿಗಡ್ಡೆ ಉಕಾರದ್ದು, ಆದ್ದರಿಂದ ಮೊದಲು ಅದನ್ನೇ ತೂಗು ಎಂದರೆ ನನ್ನ ಗುಮಾಸ್ತ ಕೆಲಸ ಬಿಟ್ಟು ಹೋದಾನು."

ಸಭೆಯಲ್ಲಿ ಮೌನ. ಡೆಬಿಯನ್ ನಿಯಮದ ಪ್ರಕಾರ ಅದು ಸಮ್ಮತಿ.

ಹುಡುಗನಿಗೆ ಹುರುಪು ಬಂತು. ಅವನು ಆರ್ಚ್ ಲಿನಕ್ಸ್ ಬಳಸುವವನು, ಅದರ ಕಾರಭಾರಿ ಪ್ಯಾಕ್‌ಮ್ಯಾನ್. ಆರ್ಚ್ ಬಳಸುವವರು ಅದನ್ನು ಎದುರಿನವರಿಗೆ ತಿಳಿಸದೆ ಇರಲಾರರು, ಅದು ಬೇರೆ ವಿಷಯ. "ನಮ್ಮ ಪ್ಯಾಕ್‌ಮ್ಯಾನ್ ಕೈಪಿಡಿ ಹಾಗೆಯೇ ಇದೆ ಮಾವ. ತೆಗೆಯುವ ಆಯ್ಕೆಗಳು ಬೇರೆ, ವಿಚಾರಿಸುವ ಆಯ್ಕೆಗಳು ಬೇರೆ, ತರಿಸುವ ಆಯ್ಕೆಗಳು ಬೇರೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾರಭಾರಿ ಕಾರ್ಗೋದಲ್ಲೂ ಪ್ಯಾಕೇಜ್ ಆರಿಸಲು ಒಂದು ಶೀರ್ಷಿಕೆ, ಸಂಕಲಿಸಲು ಒಂದು, ತೆರೆಯ ಮೇಲೆ ತೋರಿಸಲು ಇನ್ನೊಂದು."

"ಹಾಗಾದರೆ ಸಮಸ್ಯೆ ಮುಗಿಯಿತಲ್ಲ" ಎಂದರು ಭಟ್ಟರು.

ಮುಗಿಯುತ್ತಿತ್ತು, ಟೀಚರ್ ಆ ಕೈಪಿಡಿಯನ್ನು ತೆರೆಯದೆ ಇದ್ದಿದ್ದರೆ. ಪ್ಯಾಕ್‌ಮ್ಯಾನ್‌ನಲ್ಲಿ ಸಣ್ಣ ಸಿ ಒಂದು ರಾಶಿಯಲ್ಲಿ ಹಳೆಯ ಕಡತ ಗುಡಿಸುವ ಜಾಡಮಾಲಿ. ಇನ್ನೊಂದು ರಾಶಿಯಲ್ಲಿ, ಬದಲಾವಣೆಗಳ ಪಟ್ಟಿ ಓದಿ ಹೇಳುವ ಗುಮಾಸ್ತ. ತೆಗೆಯುವ ರಾಶಿಯಲ್ಲಿ ಮಾತ್ರ ಅದೇ ಸಿ, ಒಂದು ಪ್ಯಾಕೇಜ್ ತೆಗೆ ಎಂದರೆ ಅದನ್ನು ನಂಬಿಕೊಂಡ ಸಕಲ ಪರಿವಾರವನ್ನೂ ಜೊತೆಗೇ ಮೇಲೆ ಕಳಿಸುವ ಯಮದೂತ. ಇನ್ನು -ವೈ: ಆಪ್ಟ್‌ನಲ್ಲಿ ಎಲ್ಲದಕ್ಕೂ ಹೌದು, ಪ್ಯಾಕ್‌ಮ್ಯಾನ್‌ನಲ್ಲಿ ಪಟ್ಟಿಯನ್ನು ಹೊಸದಾಗಿ ತರಿಸು. -ಎಫ್ ಆಪ್ಟ್‌-ಗೆಟ್‌ನಲ್ಲಿ ಮುರಿದದ್ದನ್ನು ಜೋಡಿಸು, ಕಡತ ಅಳಿಸುವ ಆದೇಶದಲ್ಲಿ ಕೇಳದೆ ಅಳಿಸು. ಮಂಜೇಶ್ವರದ ರೇಶನ್ ಕಾರ್ಡ್ ತೋರಿಸಿ ಉಳ್ಳಾಲದಲ್ಲಿ ಅಕ್ಕಿ ಕೇಳಿದರೆ ಹಿಂದೆ ಸಿಗುತ್ತಿದ್ದ ಉತ್ತರವಾದರೂ ಇದಕ್ಕಿಂತ ಊಹೆಗೆ ನಿಲುಕುವಂಥದ್ದು.

ಕೊನೆಗೆ ಟೀಚರ್ ಪೆನ್ನು ಕೈಗೆತ್ತಿಕೊಂಡು, ಹಾಕಲು, ತೆಗೆಯಲು, ಹುಡುಕಲು, ಹೊಸದು ಮಾಡಲು ಎಂದು ನಾಲ್ಕು ಶೀರ್ಷಿಕೆ ಬರೆದರು. ಅಪಾಯದ ಆಯ್ಕೆಗಳಿಗೆ ಬೇರೆಯೇ ಪುಟ, ಕೆಂಪು ಶಾಯಿಯಲ್ಲಿ. ಇದು ಸರಿಯಾದ ಕೆಲಸ ಎಂದು ಎಲ್ಲರಿಗೂ ಕಂಡಿತು. ಸರಿಯಾದ ಕೆಲಸ ಕಂಡಕೂಡಲೇ ತಿದ್ದುಪಡಿ ಸೂಚಿಸುವುದು ನಮ್ಮ ಸಭೆಗಳ ಪದ್ಧತಿ. ಬರಿದೆ ಹೇಳಿ ತೋರಿಸುವ -ಎಸ್ ಹಾಕುವಾಗಲೂ ಬೇಕು, ತೆಗೆಯುವಾಗಲೂ ಬೇಕು. ಯಾವ ಪುಟ? ಎರಡೂ ಕಡೆ ಬರೆದರೆ ಕಾಗದ ದಂಡ ಎಂದರು ಮಾಷ್ಟ್ರು. ಒಂದು ಕಡೆ ಬರೆದರೆ ಇನ್ನೊಂದು ಕಡೆಯವರು ಏನು ಮಾಡಬೇಕು ಎಂದರು ಟೀಚರ್. ಆಗ ಒಬ್ಬರ ಬಾಯಿಂದ ಆ ಮಹಾಮಂತ್ರ ಹೊರಟಿತು, ಯಾರೆಂದು ನಾನು ಹೇಳುವುದಿಲ್ಲ: "ಇತರೆ ಎಂದು ಒಂದು ಶೀರ್ಷಿಕೆ ಮಾಡಿ, ಅದರಲ್ಲಿ ಹಾಕಿ."

ಆಮೇಲೆ ಕೆಲಸ ಸರಾಗವಾಯಿತು. -ಎಸ್ ಇತರೆಗೆ ಹೋಯಿತು. ಅದರ ಹಿಂದೆ ಮೌನದ -ಕ್ಯೂ ಹೋಯಿತು, ಹೌದಪ್ಪ -ವೈ ಹೋಯಿತು. ಅಪಾಯದ ಪುಟಕ್ಕೆ ಕೆಂಪು ಶಾಯಿ ದುಬಾರಿ ಎಂದು ಅಲ್ಲಿದ್ದವರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಬಂದರು. ಸಂಜೆಯ ಹೊತ್ತಿಗೆ ಕೈಪಿಡಿಯ ಮುಕ್ಕಾಲು ಪಾಲು ಇತರೆ. ಭಾಷೆಯ ಕಲಮಿನಲ್ಲಿ ತಾವೇ ಇತರೆಯಾಗಿ ಬಾಳಿ ಅನುಭವ ಇರುವವರ ಸಭೆ ಅದು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಇತರೆಯೊಳಗಿನ ಕ್ರಮ ಯಾವುದು ಎಂದು ಟೀಚರ್ ಸೋತ ದನಿಯಲ್ಲಿ ಕೇಳಿದರು.

"ಅಕಾರಾದಿ" ಎಂದರು ಮಾಷ್ಟ್ರು.

ಇನ್ನೇನು ಏಳಬೇಕು ಎನ್ನುವಾಗ ಹುಡುಗ ಲ್ಯಾಪ್‌ಟಾಪಿನಲ್ಲಿ ಆಪ್ಟ್-ಗೆಟ್‌ನ ಸಹಾಯದ ಪುಟ ತೆರೆದು ಅದರ ಕಟ್ಟಕಡೆಯ ಸಾಲು ಓದಿದ. ಈ ಆಪ್ಟ್‌ಗೆ ಮಹಾಗೋವಿನ ಶಕ್ತಿಗಳಿವೆ ಎಂದು ಅಲ್ಲಿ ನಿಜಕ್ಕೂ ಬರೆದಿದೆ. ಆಪ್ಟ್-ಗೆಟ್ ಮೂ ಎಂದು ಕೊಟ್ಟರೆ ಅಕ್ಷರಗಳಲ್ಲಿ ಬಿಡಿಸಿದ ಹಸು ಬಂದು ನಿಂತು, ಇಂದು ನೀವು ಅಂಬಾ ಎಂದಿರಾ ಎಂದು ಕೇಳುತ್ತದೆ.

ಭಟ್ಟರು ಇಡೀ ದಿನದಲ್ಲಿ ಮೊದಲ ಬಾರಿಗೆ ಪರದೆಯ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. "ಇದು ನಮ್ಮ ಕಾಸರಗೋಡು ಗಿಡ್ಡ ತಳಿಯದ್ದಲ್ಲ. ಗಿಡ್ಡವಾಗಿದ್ದರೆ ಇಷ್ಟು ಮೇವು ಬೇಕಾಗುತ್ತಿರಲಿಲ್ಲ" ಎಂದರು.

ಹಸುವನ್ನು ಯಾವ ಶೀರ್ಷಿಕೆಯಲ್ಲಿ ಕಟ್ಟಬೇಕೆಂಬುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಸರ್ವಾನುಮತ.