ಟಿ-ಶರ್ಟ್ ಸಾಕು, ಹಗ್ಗ ಕೊಡಿಸ್ರಿ

ಚಳಿಗಾಲ ಬಂತು ಅಂದ್ರೆ ನಮ್ಮ ಕಡೆ ಪ್ರಾಯೋಜಕರಿಗೆ ಹುರುಪು. ಮಕ್ಕಳ ಸಾಹಸ ಶಿಬಿರ, ಸಹಾಯಾರ್ಥ ಸೈಕಲ್ ಯಾತ್ರೆ, ಜಾಗೃತಿ ಓಟ, ಯಾವುದೇ ಇರಲಿ, ಮೊದಲು ಬಂದಿಳಿಯೋದು ಟಿ-ಶರ್ಟಿನ ಗಂಟು. ಎದೆ ಮೇಲೆ ಒಂದು ಹೆಸರು, ಬೆನ್ನ ಮೇಲೆ ಆರು ಹೆಸರು, ಎಲ್ಲವೂ ಎಲ್ ಸೈಜು. ಏಳನೇ ತರಗತಿ ಹುಡುಗನಿಗೆ ಮೊಣಕಾಲು ಮುಟ್ಟುತ್ತದೆ. "ಸರ್, ಇದರ ಮ್ಯಾಲೆ ಹಾರ್ನೆಸ್ ಕಟ್ಟಿದ್ರ ಲಂಗಾ ಉಟ್ಟಂಗ ಕಾಣತೈತ್ರಿ" ಅಂತ ಒಬ್ಬ ಎಲ್ಲರನ್ನೂ ನಗಿಸಿದ್ದ. (ಹಾರ್ನೆಸ್ ಅಂದ್ರೆ ಬಂಡೆ ಹತ್ತುವಾಗ ಹಗ್ಗ ಸಿಕ್ಕಿಸೋಕೆ ಸೊಂಟಕ್ಕೂ ತೊಡೆಗೂ ಕಟ್ಟೋ ಪಟ್ಟಿ.)

ನಾನು ಬಾಗಲಕೋಟೆಯವನು. ಬಿಡುವಿದ್ದಾಗ ಗೆಳೆಯರ ಜೊತೆ ಬಾದಾಮಿಗೆ ಹೋಗಿ ಸುತ್ತಲಿನ ಊರಿನ ಮಕ್ಕಳಿಗೆ ರಾಕ್ ಕ್ಲೈಂಬಿಂಗ್ ಹೇಳಿಕೊಡುತ್ತೇನೆ. ಇದರಲ್ಲಿ ನಮಗೆ ಯಾರೂ ಸಂಬಳ ಕೊಡಲ್ಲ, ಕೇಳಿಯೂ ಇಲ್ಲ. ಆದರೆ ಸಾಮಾನು ಬೇಕು. ಸಾಮಾನು ಕೇಳೋಕೆ ಹೋದಾಗೆಲ್ಲ ಕಾಣೋದು ಒಂದೇ: ಫೋಟೋದಲ್ಲಿ ಬೀಳೋದಕ್ಕೆ ದುಡ್ಡು ಸಿಗುತ್ತದೆ, ಜೀವ ಹಿಡಿಯೋದಕ್ಕೆ ಸಿಗಲ್ಲ.

ಬೂಟಿನಿಂದಲೇ ಶುರು ಮಾಡ್ತೀನಿ. ಬಾದಾಮಿಯ ಕೆಂಪು ಮರಳುಗಲ್ಲನ್ನು ಹತ್ತೋಕೆ ದೇಶ ವಿದೇಶದಿಂದ ಜನ ಬರುತ್ತಾರೆ. ಅವರ ಕಾಲಲ್ಲಿ ಬೆರಳು ಬಿಗಿಹಿಡಿಯುವ, ಅಂಟುವ ರಬ್ಬರಿನ ಕ್ಲೈಂಬಿಂಗ್ ಶೂ. ನಮ್ಮ ಮಕ್ಕಳಲ್ಲಿ ಅದು ಕೆಲವೇ ಜೋಡಿ. ಒಬ್ಬಳು ಹತ್ತಿ ಇಳಿದ ಮೇಲೆ ಬಂಡೆ ಬುಡದಲ್ಲೇ ಕೂತು ಬಿಚ್ಚುತ್ತಾಳೆ. ಬೆವರಿಗೆ ಒಳಗೆಲ್ಲ ಒದ್ದೆ. ಮುಂದಿನವನು ಅದನ್ನೇ ಅಂಗಿ ತುದಿಯಿಂದ ಒರೆಸಿ ಕಾಲು ತೂರಿಸುತ್ತಾನೆ. ಎಡಗಾಲಿನ ಹೆಬ್ಬೆರಳ ಹತ್ತಿರ ರಬ್ಬರ್ ಸವೆದು ತೂತು ಬಿದ್ದಿತ್ತು. ಚಪ್ಪಲಿ ಹೊಲಿಯುವ ಅಜ್ಜ ಟ್ಯೂಬಿನ ತುಂಡು ಕತ್ತರಿಸಿ ಸಲ್ಯೂಷನ್ ಹಚ್ಚಿ ಕೂರಿಸಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಒಂದು ಬೆಳಿಗ್ಗೆ ತಾಳಿತು. ಆಮೇಲೆ ಟ್ಯೂಬು ಬಂಡೆಗೆ, ಹುಡುಗ ಹಗ್ಗಕ್ಕೆ. ಈ ಭಾಗದಲ್ಲಿ ಆ ವರ್ಷದ ನಿಜವಾದ ಪ್ರಾಯೋಜಕರು ಯಾರು ಅಂತ ಕೇಳಿದರೆ ನಾನು ಆ ಅಜ್ಜನ ಹೆಸರೇ ಹೇಳೋದು.

ಇನ್ನು ಹಗ್ಗ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬ ದಾನಿಗಳು ಬಹಳ ಪ್ರೀತಿಯಿಂದ ಕೃಷಿ ಸಾಮಾನಿನ ಅಂಗಡಿಯಿಂದ ದಪ್ಪನೆ ನೈಲಾನ್ ಹಗ್ಗ ತಂದುಕೊಟ್ಟರು. "ಎತ್ತು ಕಟ್ಟಿದ್ರೂ ಹರಿಯಂಗಿಲ್ಲ" ಅಂದರು. ಹರಿಯಲ್ಲ, ನಿಜ. ತೊಂದರೆ ಅದಲ್ಲ. ಬಂಡೆಯಿಂದ ಜಾರಿದ ಮಗುವನ್ನು ಹಿಗ್ಗದ ಹಗ್ಗ ಒಮ್ಮೆಲೇ ತಡೆದರೆ ಆ ಏಟೆಲ್ಲ ಸೊಂಟಕ್ಕೂ ಬೆನ್ನಿಗೂ ಬೀಳುತ್ತದೆ. ಕ್ಲೈಂಬಿಂಗಿಗೆ ಬೇಕಾದದ್ದು ಡೈನಮಿಕ್ ಹಗ್ಗ, ಅಂದ್ರೆ ಹಿಗ್ಗಿ ಏಟನ್ನು ತಾನೇ ನುಂಗುವಂಥದ್ದು. ಒಂಟಿಯಾಗಿ ಬಳಸುವ ಇಂಥ ಹಗ್ಗಕ್ಕೆ 80 ಕೆ.ಜಿ. ತೂಕವನ್ನು ಮತ್ತೆ ಮತ್ತೆ ಬೀಳಿಸಿ ಪರೀಕ್ಷೆ ಮಾಡುತ್ತಾರೆ. ಕನಿಷ್ಠ 5 ಬೀಳು ತಡೆದರೆ ಮಾತ್ರ ಮುದ್ರೆ ಸಿಗುತ್ತದೆ. ಬೆಲೆ ಹತ್ತು ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. ಟಿ-ಶರ್ಟು, ಫ್ಲೆಕ್ಸು, ಸ್ಮರಣಿಕೆ ಎಲ್ಲ ಸೇರಿಸಿ ನೋಡ್ರಿ, ಎರಡು ಹಗ್ಗದ ದುಡ್ಡು ಅಲ್ಲೇ ಹೋಗಿರುತ್ತದೆ.

ಹಗ್ಗಕ್ಕೆ ಆಯಸ್ಸೂ ಇದೆ. ಮುಟ್ಟದೇ ಇಟ್ಟರೂ ತಯಾರಾದ ದಿನದಿಂದ 10 ವರ್ಷ, ಅದಕ್ಕಿಂತ ಜಾಸ್ತಿ ಬೇಡ ಅಂತ ಬಹುತೇಕ ತಯಾರಕರು ಹೇಳುತ್ತಾರೆ. ಬಳಸಿದರೆ ಇನ್ನೂ ಬೇಗ ಮುಗಿಯುತ್ತದೆ. ಬಾದಾಮಿಯ ಸಣ್ಣ ಮರಳು ಹೊರಗಿನ ಹೊದಿಕೆಯೊಳಗೆ ನುಗ್ಗಿ ಕೊರೆಯುತ್ತಾ ಇರುತ್ತದೆ. ಪ್ರತಿ ಸಲ ಹಗ್ಗವನ್ನು ಬೆರಳ ನಡುವೆ ಹಿಡಿದು ಮೊಳ ಮೊಳ ಎಳೆದು ನೋಡುತ್ತೇವೆ. ಎಲ್ಲಾದರೂ ಮೆತ್ತಗೆ ಚಪ್ಪಟೆಯಾಗಿ ಸಿಕ್ಕರೆ ಒಳಗಿನ ಎಳೆ ಹೋಗಿದೆ ಅಂತ ಲೆಕ್ಕ. ಮೇಲ್ನೋಟಕ್ಕೆ ಹೊಸದರಂತೆಯೇ ಇರುತ್ತದೆ! ಹಾಗಾಗಿ "ನಮ್ಮ ಹಳೇ ಹಗ್ಗ, ಹಾರ್ನೆಸ್ ಕೊಡ್ತೀವಿ" ಅಂತ ಊರ ಹೊರಗಿನ ಗೆಳೆಯರು ಫೋನ್ ಮಾಡಿದಾಗ ಬೇಡ ಅನ್ನಬೇಕಾಗುತ್ತದೆ. ಎಷ್ಟು ಸಲ ಬಿದ್ದಿದೆ, ಎಲ್ಲಿ ಬಿಸಿಲಲ್ಲಿ ಒಣಗಿದೆ, ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ ಪಕ್ಕ ಮಲಗಿತ್ತಾ, ಯಾರಿಗೆ ಗೊತ್ತು? ಹಳೇ ಟೆಂಟ್, ಹಳೇ ಸ್ಲೀಪಿಂಗ್ ಬ್ಯಾಗ್, ಬೆನ್ನಿಗೆ ಹಾಕೋ ಚೀಲ ಧಾರಾಳವಾಗಿ ಕೊಡಿ, ಕೈಮುಗಿದು ತಗೋತೀವಿ. ಜೀವ ತೂಗುವ ಸಾಮಾನು ಮಾತ್ರ ಹೊಸದೇ ಬೇಕು. ಇದು ಜಂಬ ಅಲ್ಲ.

ಒಬ್ಬ ಪ್ರಾಯೋಜಕರು ಹೆಲ್ಮೆಟ್ ಕೊಡೋಕೆ ಒಪ್ಪಿದ್ದರು. ಷರತ್ತು ಒಂದೇ, ಎರಡೂ ಕಡೆ ಅವರ ಸ್ಟಿಕ್ಕರ್. ಅಂಟು, ಬಣ್ಣ, ಥಿನ್ನರ್ ಇವು ಪ್ಲಾಸ್ಟಿಕ್ಕನ್ನು ಕೆಡಿಸಬಹುದು ಅಂತ ಹೆಲ್ಮೆಟ್ ಜೊತೆ ಬರೋ ಚೀಟಿಯಲ್ಲೇ ಎಚ್ಚರಿಕೆ ಇರುತ್ತದೆ. ಹೇಳಿದೆವು. ಅವರು ಸುಮ್ನಾದರು, ಹೆಲ್ಮೆಟ್ಟೂ ಸುಮ್ನಾಯಿತು.

ಹೆಸರು ಹಾಕಿಸೋದೇ ತಪ್ಪು ಅಂತ ನಾನು ಹೇಳಲ್ಲ. 1910ರಲ್ಲಿ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೊರಟಾಗ ಬ್ರಿಟನ್ನಿನ ಶಾಲೆಗಳು ಚಂದಾ ಎತ್ತಿ ಕುದುರೆ, ನಾಯಿ, ಸ್ಲೆಡ್ಜು, ಸ್ಲೀಪಿಂಗ್ ಬ್ಯಾಗು ಕೊಡಿಸಿದ್ದವು. ಆ ಸಾಮಾನಿಗೇ ಶಾಲೆಯ ಹೆಸರು. ಬಿಸ್ಕತ್ತಿನ ಕಂಪನಿ ಬಿಸ್ಕತ್ತು ಕೊಟ್ಟಿತು, ಕೋಕೋ ಕಂಪನಿ ಕೋಕೋ ಕೊಟ್ಟಿತು. ಜಾಹೀರಾತೂ ಆಯಿತು, ಹೊಟ್ಟೆಗೂ ಆಯಿತು. ಹಗ್ಗದ ಚೀಲದ ಮೇಲೆ ನಿಮ್ಮ ಹೆಸರು ಎಷ್ಟು ದೊಡ್ಡದಾಗಿ ಬೇಕೋ ಬರೆಸ್ರಿ, ಬೇಡ ಅಂದವರ್ಯಾರು?

ಕಂಪನಿಯವರು ಇನ್ನೊಂದು ಮಾತು ಹೇಳುತ್ತಾರೆ: "ಸಿಎಸ್‌ಆರ್‌ನಲ್ಲಿ ಸಾಹಸ ಗೀಹಸಕ್ಕೆಲ್ಲ ಬರಲ್ಲ". ಸಿಎಸ್‌ಆರ್ ಅಂದ್ರೆ ಕಂಪನಿಗಳು ಸಮಾಜಕ್ಕಾಗಿ ತೆಗೆದಿಡಬೇಕಾದ ದುಡ್ಡು. ಕಾನೂನು ಓದಿ ನೋಡಿದರೆ ಹೆಚ್ಚುಕಡಿಮೆ ಉಲ್ಟಾ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜಕ್ಕೆ ಖರ್ಚು ಮಾಡಬೇಕು, ತಾವಿರುವ ಊರಿಗೆ ಆದ್ಯತೆ ಕೊಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲಿದೆ. ಸ್ಪೋರ್ಟ್ ಕ್ಲೈಂಬಿಂಗ್ ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ. ಆದರೆ ಒಂದು ದಿನದ ಮ್ಯಾರಥಾನ್‌ನಂಥ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ ಸರ್ಕಾರ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ತನ್ನ ಸರಕಿನ ಪ್ರಚಾರಕ್ಕೆ ಮಾಡುವ ಪ್ರಾಯೋಜಕತ್ವವನ್ನೂ ನಿಯಮ ಹೊರಗಿಟ್ಟಿದೆ. ಅಂದ್ರೆ ಟಿ-ಶರ್ಟ್ ಓಟಕ್ಕೆ ಆ ದುಡ್ಡು ಬರಂಗಿಲ್ಲ, ಮಕ್ಕಳ ತರಬೇತಿಯ ಹಗ್ಗಕ್ಕೆ ಬರಬಹುದು. ಸಕ್ಕರೆ, ಸಿಮೆಂಟ್ ಕಾರ್ಖಾನೆಗಳ ನಡುವೆ ಬದುಕೋ ಜಿಲ್ಲೆ ನಮ್ಮದು. ಕೇಳುವವರೂ ಈ ಕಾಗದ ಹಿಡ್ಕೊಂಡು ಹೋಗಬೇಕು.

ಸಹಾಯಾರ್ಥ ಯಾತ್ರೆ ಮಾಡುವ ನಮ್ಮ ಹುಡುಗರಿಗೂ ಒಂದು ಮಾತಿದೆ. "ಅನಾಥ ಮಕ್ಕಳಿಗಾಗಿ ಹಿಮಾಲಯ ಹತ್ತುತ್ತೇನೆ, ದಾನ ಕೊಡಿ" ಅಂತ ಪೋಸ್ಟ್ ಹಾಕುತ್ತೀರಿ. ಆ ದುಡ್ಡಲ್ಲಿ ನಿಮ್ಮ ರೈಲು, ಜಾಕೆಟ್, ಗೈಡ್ ಎಲ್ಲ ಕಳೆದು ಅನಾಥ ಮಕ್ಕಳಿಗೆ ಉಳಿಯೋದೆಷ್ಟು? ಎರಡು ಡಬ್ಬಿ ಬೇರೆ ಬೇರೆ ಇಡಿ. ಜಾಕೆಟ್ಟಿಗೆ ಅಂಗಡಿಯವರನ್ನು ಕೇಳಿ, ದಾನದ ದುಡ್ಡು ಪೂರ್ತಿ ದಾನಕ್ಕೇ ಹೋಗಲಿ. ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆಯುವವರನ್ನು ನೋಡಿದ್ದೀರಲ್ವಾ? ದಾರಿಯ ಊರಿನವರು ಮಜ್ಜಿಗೆ, ಊಟ, ಗುಳ್ಳೆಗೆ ಮುಲಾಮು, ಕಾಲಿಗೆ ಎಣ್ಣೆ ಹಿಡಿದು ನಿಂತಿರುತ್ತಾರೆ. ನಡೆಯುವವನಿಗೆ ಆ ಹೊತ್ತಿಗೆ ಏನು ಬೇಕೋ ಅದೇ ಕೊಡುತ್ತಾರೆ. (ಈಚೆಗೆ ಅಲ್ಲೂ ನಾಯಕರ ಫ್ಲೆಕ್ಸ್ ಬಂದಿವೆ, ಬಿಡಿ. ಮಜ್ಜಿಗೆ ಮಾತ್ರ ಇನ್ನೂ ಗಟ್ಟಿಯಾಗಿದೆ.)

ಸಾಮಾನು ಕೊಟ್ಟರೆ ಏನಾಗುತ್ತದೆ ಅನ್ನುವವರಿಗೆ ಮಾಲಾವತ್ ಪೂರ್ಣಾ ಸಾಕು. ತೆಲಂಗಾಣದ ಬುಡಕಟ್ಟು ಕುಟುಂಬದ ಹುಡುಗಿ, ಸರ್ಕಾರಿ ವಸತಿ ಶಾಲೆಯಲ್ಲಿ ಓದಿದವಳು. ಭುವನಗಿರಿಯ ಬಂಡೆಯಲ್ಲಿ ಕಲಿತು 2014ರ ಮೇ 25ರಂದು, 13ನೇ ವಯಸ್ಸಿಗೆ ಎವರೆಸ್ಟ್ ಮೇಲೆ ನಿಂತಳು. ತರಬೇತಿ, ಬೂಟು, ಖರ್ಚು ಎಲ್ಲಕ್ಕೂ ವಸತಿ ಶಾಲೆಗಳ ಸಂಸ್ಥೆ ಹಿಂದೆ ನಿಂತಿತ್ತು. ನಮ್ಮಲ್ಲಿ ಬಂಡೆಗೆ ಬರ ಇದೆಯಾ?

ಈ ಸಲ ನಮಗೆ ಬೇಕಾದದ್ದು ಇಷ್ಟೇ: 60 ಮೀಟರಿನ ಎರಡು ಡೈನಮಿಕ್ ಹಗ್ಗ, ಹಿಗ್ಗಿಸಿ ಕುಗ್ಗಿಸಬಹುದಾದ ಹೆಲ್ಮೆಟ್ಟುಗಳು, ಮಕ್ಕಳ ಅಳತೆಯ ಕ್ಲೈಂಬಿಂಗ್ ಶೂ. ಪ್ರತಿ ಸಾಮಾನಿನ ತಯಾರಿ ತಾರೀಖು, ಬಳಸಿದ ದಿನ, ತೆಗೆದುಹಾಕಿದ ದಿನ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ, ಕೊಟ್ಟವರು ಯಾವಾಗ ಬೇಕಾದರೂ ಬಂದು ನೋಡಬಹುದು. ಕೊಡುವ ಮನಸ್ಸಿದ್ದವರು ಅಂಗಡಿಗೆ ಹೋಗೋ ಮುಂಚೆ ಒಂದು ಮೆಸೇಜ್ ಹಾಕ್ರಿ, ಕಾಲಿನ ಅಳತೆ ಕಳಿಸುತ್ತೇನೆ.