ಲಿಫ್ಟ್‌ನಲ್ಲಿ ಮೇಲೆ ಹೋದವರು ಬೆಂಕಿ ಬಿದ್ದಾಗ ಇಳಿಯೋದು ಹೇಗೆ?

ತುಮಕೂರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ರೀಫಿಲ್ ಮಾಡುವುದು ನನ್ನ ಕೆಲಸ. ಅದೇ, ಗೋಡೆಗೆ ನೇತು ಹಾಕಿರುತ್ತಾರಲ್ಲ, ಕೆಂಪು ಬಣ್ಣದ್ದು, ಯಾರೂ ಮುಟ್ಟದೇ ಇರೋದು. ಶಾಲೆ, ನರ್ಸಿಂಗ್ ಹೋಮ್, ಬ್ಯಾಂಕ್, ಛತ್ರ, ಸರ್ಕಾರಿ ಕಚೇರಿ, ಎಲ್ಲ ಕಡೆ ಒಳಗೆ ಹೋಗಿ ಬರುತ್ತೇನೆ. ಮುಂಬಾಗಿಲಿನಿಂದ ಬರುವ ಜನರಿಗೆ ಕಾಣದ ಮೂಲೆಗಳು ನನಗೆ ಕಾಣುತ್ತವೆ. ಪೋಸ್ಟ್ ಉದ್ದ ಇದೆ, ಬೇಜಾರಾದರೆ ಮುಂದೆ ಸ್ಕ್ರೋಲ್ ಮಾಡಿ.

ನಮಗೆ ಫೋನ್ ಯಾವಾಗ ಬರುತ್ತದೆ ಗೊತ್ತಾ? ಎಲ್ಲೋ ದೊಡ್ಡ ಅನಾಹುತ ಆಗಿ ಟಿವಿಯಲ್ಲಿ ಎರಡು ದಿನ ತೋರಿಸಿದಾಗ. 2019ರಲ್ಲಿ ಸೂರತ್‌ನ ಕೋಚಿಂಗ್ ಸೆಂಟರಿನಲ್ಲಿ 22 ವಿದ್ಯಾರ್ಥಿಗಳು ಸತ್ತಾಗ ಬಂತು, 2024ರಲ್ಲಿ ರಾಜ್‌ಕೋಟ್‌ನ ಗೇಮ್ ಝೋನ್ ಸುಟ್ಟುಹೋದಾಗ ಬಂತು. ಅದು ಬಿಟ್ಟರೆ ಶಾಲೆಗಳ ಮಾನ್ಯತೆ ನವೀಕರಣದ ಸಮಯದಲ್ಲಿ. "ಸಾರ್, ನಾಳೆ ಇನ್‌ಸ್ಪೆಕ್ಷನ್ ಇದೆ, ಇವತ್ತೇ ಬಂದು ಟ್ಯಾಗ್ ಹಾಕಿಕೊಡಿ." ಪೌಡರ್ ತುಂಬಿಸಿ ಅಂತ ಕೇಳುವುದಿಲ್ಲ, ಟ್ಯಾಗ್ ಹಾಕಿ ಅಂತ ಕೇಳುತ್ತಾರೆ! ದಿನಾಂಕ ಬರೆದ ಚೀಟಿ ನೇತಾಡುತ್ತಿದ್ದರೆ ಮುಗಿಯಿತು.

ಇತ್ತೀಚೆಗೆ ಜಿಲ್ಲೆಯ ಒಂದು ಕಚೇರಿಗೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಕಾಮೆಂಟಿನಲ್ಲಿ ಊಹಿಸಲೂ ಹೋಗಬೇಡಿ, ಯಾಕಂದ್ರೆ ಹತ್ತು ಜನ ಹತ್ತು ಕಚೇರಿ ಹೆಸರು ಹೇಳುತ್ತೀರಿ, ಹತ್ತೂ ಸರಿಯಾಗಿರುತ್ತವೆ. ಎರಡನೇ ಮಹಡಿಯ ಸಿಲಿಂಡರ್ ಬೀರುವಿನ ಹಿಂದೆ ಇತ್ತು. ಬೀರು ಸರಿಸೋಕೆ ಇಬ್ಬರು ಬೇಕಾಯಿತು. ಗೇಜಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಪಿನ್ ತುಕ್ಕು ಹಿಡಿದು ಕಟಿಂಗ್ ಪ್ಲೇಯರ್ ಹಾಕಿ ಎಳೆದರೂ ಬರಲಿಲ್ಲ. ಹೋಸಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಗಟ್ಟಿಯಾಗಿ, ಸಿಮೆಂಟ್ ಮೆತ್ತಿದ ಹಾಗೆ. ಟ್ಯಾಗ್ ಮಾತ್ರ ಹೊಸದು.

ಹಿಂದಿನ ಮೆಟ್ಟಿಲ ಕಡೆ ಹೋದೆ. ಮುರಿದ ಕುರ್ಚಿಗಳು, ಬಟ್ಟೆಯಲ್ಲಿ ಕಟ್ಟಿದ ಹಳೇ ಫೈಲು ಗಂಟುಗಳು, ಕೆಳಗಿನ ಬಾಗಿಲಿಗೆ ಬೀಗ. ಕೀಲಿ ಎಲ್ಲಿ ಅಂದರೆ ಡಿ ಗ್ರೂಪ್ ನೌಕರರೊಬ್ಬರ ಜೇಬಿನಲ್ಲಿ, ಅವರು ಬ್ಯಾಂಕಿಗೆ ಹೋಗಿದ್ದರು. ಯಾಕೆ ಬೀಗ ಅಂತ ಕೇಳಿದರೆ "ಕಳ್ಳರು ಬರ್ತಾರಲ್ಲ ಸಾರ್" ಅಂದರು. ಮಧ್ಯಾಹ್ನ ಹನ್ನೆರಡಕ್ಕೆ!

ಇದೆಲ್ಲ ನನಗೆ ಹೊಸದಲ್ಲ. ಆದರೆ ಅವತ್ತು ಅದೇ ಮಹಡಿಯಲ್ಲಿ ಪಿಂಚಣಿ ಕೆಲಸಕ್ಕೆ ಬಂದವರ ಸಾಲಿತ್ತು. ಊರುಗೋಲು ಹಿಡಿದವರು, ಕಣ್ಣು ಕಾಣದ ಒಬ್ಬಜ್ಜಿ, ಅಜ್ಜಿಯ ಕೈ ಹಿಡಿದ ಮೊಮ್ಮಗಳು. ಸಾಲಿನಲ್ಲಿ ನಮ್ಮ ಬೀದಿಯ ಅಣ್ಣನೂ ಇದ್ದರು. ಪೋಲಿಯೋದಿಂದ ಎರಡೂ ಕಾಲಿಗೆ ಶಕ್ತಿ ಇಲ್ಲ. ಮೂರು ಚಕ್ರದ ಸ್ಕೂಟರಿನಲ್ಲಿ ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ ನನಗಿಂತ ಜೋರಾಗಿ ಓಡಾಡುತ್ತಾರೆ. ನನ್ನ ಕೈಯಲ್ಲಿದ್ದ ಸಿಲಿಂಡರ್ ನೋಡಿ ನಕ್ಕರು. "ಲೋ, ಲಿಫ್ಟ್ ಪಕ್ಕದ ಬೋರ್ಡ್ ಓದಿದ್ದೀಯಾ? ಬೆಂಕಿ ಬಿದ್ದರೆ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ ಅಂತ ಐತೆ. ಬರೆದೋನು ನನ್ನ ನೋಡಿಲ್ಲ ಬಿಡು. ನನ್ನ ಕೆಳಗಿಳಿಸೋ ಸಿಲಿಂಡರ್ ಏನಾದ್ರೂ ಇದ್ರೆ ಹೇಳು, ಒಂದು ತಗೋತೀನಿ."

ಬೋರ್ಡಿನಲ್ಲಿರುವುದು ತಪ್ಪೇನಲ್ಲ. ಬೆಂಕಿ ಬಿದ್ದಾಗ ಕರೆಂಟ್ ಹೋಗಿ ಲಿಫ್ಟ್ ಮಧ್ಯದಲ್ಲೇ ನಿಲ್ಲಬಹುದು, ಲಿಫ್ಟಿನ ಬಾವಿಯಲ್ಲಿ ಹೊಗೆ ಮೇಲೇರುತ್ತದೆ. ಅದಕ್ಕೇ ಬೇಡ ಅನ್ನುವುದು. ಸರಿ, ಲಿಫ್ಟ್ ಬೇಡ. ಹಾಗಾದರೆ ಲಿಫ್ಟಿನಲ್ಲೇ ಮೇಲೆ ಬಂದವರು ಏನು ಮಾಡಬೇಕು? ಇದನ್ನು ತಪಾಸಣೆಗೆ ಬಂದ ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ಸಿಲಿಂಡರ್ ಎಣಿಸುತ್ತಾರೆ, ಮರಳಿನ ಬಕೆಟ್ ನೋಡುತ್ತಾರೆ, ಸಹಿ ಹಾಕುತ್ತಾರೆ. ಒಂದು ಸಿಲಿಂಡರ್ ಒತ್ತಿದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಖಾಲಿ ಅಂತ ಮಾರುವ ನಾನೇ ಹೇಳುತ್ತಿದ್ದೇನೆ. ಸಣ್ಣ ಬೆಂಕಿಗೆ ಅದು ಸರಿ. ಅದು ಮೀರಿದರೆ ಜನ ಹೊರಗೆ ಬರೋದೊಂದೇ ದಾರಿ.

ಜನ ಸಾಯುವುದು ಹೆಚ್ಚಾಗಿ ಬೆಂಕಿಯಿಂದಲ್ಲ, ಹೊಗೆಯಿಂದ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತುಂಬಿ, ಇಳಿಯೋಕೆ ದಾರಿ ಸಿಗದೆ ಕಿಟಕಿಯಿಂದ ಹಾರಿದವರೂ ಇದ್ದರು. ಅವರೆಲ್ಲ ಕಾಲು ಗಟ್ಟಿ ಇದ್ದವರು, ಅಲ್ವಾ? 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ವಾರ್ಡುಗಳಿಗೆ ನುಗ್ಗಿ ಸುಮಾರು 90 ಜನ ಹೋದರು. ಹೆಚ್ಚಿನವರು ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳು. ಇನ್ನು 2001ರ ಆಗಸ್ಟ್ 6, ತಮಿಳುನಾಡಿನ ಏರ್ವಾಡಿ. ಮಾನಸಿಕ ಕಾಯಿಲೆ ಇದ್ದವರನ್ನು ಗುಡಿಸಲಿನಂಥ ಶೆಡ್ಡಿನಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಬೆಂಕಿ ಬಿತ್ತು. 28 ಜನ. ಇದರ ಬಗ್ಗೆ ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ.

ಕಾನೂನು ಇಲ್ಲ ಅನ್ನಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂತು. ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಅಲ್ಲಿಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಅಂಗವಿಕಲರು ಬಳಸುವ ಹಾಗೆ ಮಾಡಬೇಕು ಅಂತ 45ನೇ ಸೆಕ್ಷನ್ ಹೇಳುತ್ತದೆ. ಅಂದರೆ 2022ರ ಜೂನ್‌ಗೆ ಗಡುವು ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಮ್ನೆ ಮಾರ್ಗಸೂಚಿ ಅಂತ ಬರೆದಿಟ್ಟರೆ ಸಾಲದು, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳು ಕೊಟ್ಟಿತು.

ನಮ್ಮಲ್ಲಿ ಆಗಿದ್ದೇನು? ಮುಂಬಾಗಿಲಿಗೆ ಒಂದು ರ‍್ಯಾಂಪ್. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರಬೇಕು ಅನ್ನುವುದು ಲೆಕ್ಕ. ಎರಡಡಿ ಜಗುಲಿಗೆ 24 ಅಡಿ. ನಮ್ಮವರು ಆರೇಳು ಅಡಿಯಲ್ಲಿ ಮುಗಿಸಿ, ಮೇಲೆ ನುಣ್ಣನೆ ಗ್ರಾನೈಟ್ ಹಾಸಿ, ಉದ್ಘಾಟನೆಗೆ ರಿಬ್ಬನ್ ಕಟ್ಟುತ್ತಾರೆ. ಅದರ ಮೇಲೆ ಸಿಬ್ಬಂದಿಯ ಬೈಕ್ ಹತ್ತುತ್ತದೆ, ವೀಲ್‌ಚೇರ್ ಹತ್ತುವುದಿಲ್ಲ. ಆ ಸೊಟ್ಟ ರ‍್ಯಾಂಪ್ ಕೂಡ ಇರುವುದು ಮುಂದಿನ ಬಾಗಿಲಿಗೆ. ಬೆಂಕಿ ಬಿದ್ದಾಗ ತಪ್ಪಿಸಿಕೊಳ್ಳುವ ಹಿಂಬಾಗಿಲಿಗೆ ಮೂರು ಮೆಟ್ಟಿಲು, ಆಚೆ ಚರಂಡಿ. ಒಳಗೆ ಕರೆಯೋದಕ್ಕೆ ಇರುವ ಉಮೇದು ಹೊರಗೆ ಬಿಡೋದಕ್ಕೆ ಇಲ್ಲ.

ಇದನ್ನು ಹೇಳಿದರೆ ಎಲ್ಲ ಕಡೆ ಬರುವ ಉತ್ತರ ಒಂದೇ. "ಅಯ್ಯೋ, ಎತ್ಕೊಂಡು ಹೋಗ್ತೀವಿ ಬಿಡಿ ಸಾರ್." ಮನಸ್ಸು ಒಳ್ಳೆಯದೇ, ಇಲ್ಲ ಅನ್ನಲ್ಲ. ಅಣ್ಣ ಅವತ್ತೇ "ಎತ್ಕೊಳ್ಳಿ ನೋಡೋಣ" ಅಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹುಡುಗರು ಎತ್ತಿದರು. ಮೊದಲ ಐದಾರು ಮೆಟ್ಟಿಲು ನಗುನಗುತ್ತಾ ಇಳಿದರು. ತಿರುವಿನಲ್ಲಿ ಕುರ್ಚಿಯ ಕಾಲು ಕಂಬಿಗೆ ಸಿಕ್ಕಿಕೊಂಡಿತು, ಹಿಂದಿನವನಿಗೆ ಮೆಟ್ಟಿಲು ಕಾಣುತ್ತಿಲ್ಲ, ಮುಂದಿನವನ ಮೇಲೆ ಪೂರ್ತಿ ಭಾರ. ಅಣ್ಣ ಎರಡೂ ಕೈಯಲ್ಲಿ ಕಂಬಿ ಹಿಡಿದು "ಸಾಕು ಸಾಕು ಇಳಿಸ್ರೋ" ಅಂತ ಕೂಗಿದರು. ಅಲ್ಲಿ ಹೊಗೆ ಇರಲಿಲ್ಲ, ಕತ್ತಲೆ ಇರಲಿಲ್ಲ, ಮೇಲಿಂದ ನೂಕುವ ಜನ ಇರಲಿಲ್ಲ. ಇಷ್ಟಾದರೂ ಅರ್ಧ ಮಹಡಿ ಇಳಿಯಲಿಲ್ಲ.

ಇದಕ್ಕೆ ಸಾಮಾನು ಇದೆ. ಇವ್ಯಾಕ್ಯುಯೇಷನ್ ಚೇರ್ ಅಂತಾರೆ, ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ಕುರ್ಚಿ, ಮಡಚಿ ಗೋಡೆಗೆ ನೇತು ಹಾಕಬಹುದು. ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರಿನ 69ನೇ ಮಹಡಿಯಲ್ಲಿ ಕೈಕಾಲು ಸ್ವಾಧೀನ ಇಲ್ಲದ ಒಬ್ಬ ನೌಕರರಿದ್ದರು. 1993ರಲ್ಲಿ ಅಲ್ಲಿ ಬಾಂಬ್ ಸಿಡಿದಾಗ ಅವರನ್ನು ಕೆಳಗಿಳಿಸಲು ಸುಮಾರು ಆರು ಗಂಟೆ ಹಿಡಿಯಿತು. ಆಮೇಲೆ ಇಂಥ ಕುರ್ಚಿ ತಂದಿಟ್ಟರು. 2001ರ ಸೆಪ್ಟೆಂಬರ್ 11ರಂದು ಸಹೋದ್ಯೋಗಿಗಳು ಅದರಲ್ಲಿ ಕೂರಿಸಿ ಸುಮಾರು ಒಂದೂವರೆ ಗಂಟೆಯಲ್ಲಿ ಇಳಿಸಿದರು. ಅವರು ಹೊರಗೆ ಬಂದ ಮೇಲೆ ಕಟ್ಟಡ ಬಿತ್ತು. ನಮ್ಮ ಕಚೇರಿಗಳು ಎರಡು ಮೂರು ಮಹಡಿ ಅಷ್ಟೇ ಸ್ವಾಮಿ.

ಹಾಗಂತ ಕುರ್ಚಿ ತಂದು ಅದಕ್ಕೂ ಒಂದು ಟ್ಯಾಗ್ ಕಟ್ಟಿ ಬೀರುವಿನ ಹಿಂದೆ ಇಡೋದಾದರೆ ಬೇಡವೇ ಬೇಡ. ತಪಾಸಣೆಯ ರೀತಿಯೇ ಬದಲಾಗಬೇಕು. ಮುಂಚೆ ಪತ್ರ ಬರೆದು, ಡೇಟ್ ಕೊಟ್ಟು ಬರಬೇಡಿ. ಪಿಂಚಣಿ ಅದಾಲತ್ ನಡೆಯುವ ದಿನ ಬನ್ನಿ, ಕಚೇರಿ ತುಂಬಿ ತುಳುಕುತ್ತಿರುವಾಗ. ಅಲಾರಂ ಒತ್ತಿ, ಗಡಿಯಾರ ನೋಡಿ. ಕೊನೆಯವರು ಹೊರಗೆ ಬರೋದಕ್ಕೆ ಎಷ್ಟು ನಿಮಿಷ ಆಯಿತು ಅಂತ ಬರೆದುಕೊಳ್ಳಿ. ಅಲಾರಂ ಶಬ್ದ ಕಿವಿ ಕೇಳದವರಿಗೆ ಹೇಗೆ ಗೊತ್ತಾಯಿತು, ಮಿನುಗುವ ಲೈಟ್ ಇತ್ತಾ? ಕಣ್ಣು ಕಾಣದ ಅಜ್ಜಿಯನ್ನು ಕರೆದುಕೊಂಡು ಬರೋದು ಯಾರ ಜವಾಬ್ದಾರಿ, ಹೆಸರು ಬರೆದಿದೆಯಾ? ಇಳಿಯೋಕೆ ಆಗದವರು ಸಹಾಯ ಬರುವವರೆಗೆ ಕಾಯಲು ಹೊಗೆ ನುಗ್ಗದ ಜಾಗ ಇದೆಯಾ? ತಪಾಸಣೆ ತಂಡದಲ್ಲಿ ವೀಲ್‌ಚೇರ್ ಬಳಸುವವರು ಒಬ್ಬರಾದರೂ ಇರಲಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಎಷ್ಟೋ ಜನ ಸ್ವತಃ ಅಂಗವಿಕಲರು. ಅವರಿಗೆ ಗೌರವಧನ ಕೊಟ್ಟು ಈ ಕೆಲಸಕ್ಕೂ ಕರೆದರೆ ಒಂದೇ ದಿನದಲ್ಲಿ ಎಂಜಿನಿಯರಿಗೆ ಕಾಣದ್ದೆಲ್ಲ ಹೇಳುತ್ತಾರೆ. ವರದಿಯನ್ನು ಫೈಲಿಗೆ ಹಾಕುವ ಬದಲು ಮುಂಬಾಗಿಲಿಗೆ ಅಂಟಿಸಿ.

ಅಗ್ನಿಶಾಮಕ ಠಾಣೆಯವರನ್ನು ನಾನು ಬೈಯುತ್ತಿಲ್ಲ. ಹುಲ್ಲಿನ ಬಣವೆಯಿಂದ ಹಿಡಿದು ಬಾವಿಗೆ ಬಿದ್ದ ಹಸುವಿನವರೆಗೆ ಎಲ್ಲದಕ್ಕೂ ಅವರೇ ಓಡಬೇಕು. ಬೀಗ ಹಾಕಿದ್ದು ಅವರಲ್ಲ, ಮೆಟ್ಟಿಲಿಗೆ ಫೈಲು ಗಂಟು ತುಂಬಿದ್ದೂ ಅವರಲ್ಲ. ಅದು ಆ ಕಟ್ಟಡದಲ್ಲಿ ದಿನಾ ಕೂರುವವರ ಕೆಲಸ.

ಶಾಲೆ, ಹಾಸ್ಟೆಲ್, ಕಚೇರಿಯಲ್ಲಿ ನಿಜವಾದ ಡ್ರಿಲ್ ಮಾಡುವ ಮನಸ್ಸಿರುವವರು ಇನ್‌ಬಾಕ್ಸ್ ಮಾಡಿ. ಅಣ್ಣ ಬರುತ್ತೇನೆ ಅಂದಿದ್ದಾರೆ, ಆದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತ್ರ ಕೂರುವುದಿಲ್ಲವಂತೆ. ನಾನು ರೀಫಿಲ್‌ಗೆ ಬಂದ ಹಳೇ ಸಿಲಿಂಡರ್‌ಗಳನ್ನು ತರುತ್ತೇನೆ. ತುಂಬಿಸುವ ಮುಂಚೆ ಹೇಗೂ ಖಾಲಿ ಮಾಡಲೇಬೇಕು, ನಿಮ್ಮವರೇ ಪಿನ್ ಎಳೆದು ಒತ್ತಿ ಖಾಲಿ ಮಾಡಲಿ. ಮೈದಾನದಲ್ಲಿ ಮಾಡೋಣ, ಪೌಡರ್ ಗುಡಿಸೋಕೆ ಒಂದು ಪೊರಕೆ ಇಟ್ಟುಕೊಂಡಿರಿ.